ಚಿಲ್ಲರೆ ಎಷ್ಟು ಬಗೆಯಲ್ಲಿ ಕೊಡಬಹುದು? ನಾನು ಲೆಕ್ಕ ಹಾಕಿದ ರೀತಿ

1, 2 ಮತ್ತು 5ರ ನಾಣ್ಯಗಳಿವೆ, ಬೇಕಾದಷ್ಟಿವೆ. 10 ಕೂಡಿಸಬೇಕು. ಎಷ್ಟು ಬಗೆ? ಇದನ್ನು ನಾನು ಮೊದಲು ಪೇಪರಿನಲ್ಲಿ ಬಿಡಿಸಿದೆ, ಆಮೇಲೆ ಪ್ರೋಗ್ರಾಂ ಬರೆದೆ. ಎರಡು ಕಡೆಯೂ ನನ್ನ ಕೈ ಹಿಡಿದದ್ದು ಒಂದೇ: ನಾಣ್ಯಗಳಿಗೆ ಒಂದು ಸರದಿ ಗೊತ್ತುಮಾಡಿಕೊಂಡು, ಅದನ್ನು ತಪ್ಪದೇ ಇರುವುದು.

ಪೇಪರಿನಲ್ಲಿ ದೊಡ್ಡ ನಾಣ್ಯದಿಂದ ಶುರು ಮಾಡಿದೆ. 5ರ ನಾಣ್ಯ ಎರಡು ಇಟ್ಟರೆ 10 ಆಗಿಯೇ ಹೋಯಿತು. ಅದು ಒಂದು ಬಗೆ. ಒಂದೇ 5 ಇಟ್ಟರೆ ಇನ್ನೂ 5 ಬೇಕು. ಅದಕ್ಕೆ 2ರ ನಾಣ್ಯ ಎರಡು ಇಡಬಹುದು, ಒಂದು ಇಡಬಹುದು, ಇಡದೆಯೂ ಇರಬಹುದು. ಅಲ್ಲಿಗೆ ಮೂರು. 5 ಬೇಡವೇ ಬೇಡ ಅಂದರೆ 2ರ ನಾಣ್ಯ ಸೊನ್ನೆಯಿಂದ ಐದರವರೆಗೆ ಎಷ್ಟಾದರೂ ಆಗಬಹುದು, ಅದು ಆರು. ಒಟ್ಟು 10 ಬಗೆ. 1ರ ನಾಣ್ಯದ ಬಗ್ಗೆ ಯೋಚಿಸಲೇ ಇಲ್ಲ, ನೋಡಿ. ಉಳಿದ ಜಾಗವನ್ನು ಅದೇ ತುಂಬುತ್ತದೆ, ಅದಕ್ಕೆ ಬೇರೆ ಆಯ್ಕೆ ಇಲ್ಲ. ಎಣಿಸುವ ಕೆಲಸ ಅರ್ಧಕ್ಕರ್ಧ ಇಳಿಯುವುದು ಇಲ್ಲೇ.

ಮೊತ್ತ ದೊಡ್ಡದಾದರೆ ಕೈಲೆಕ್ಕ ಸಾಕಾಗುವುದಿಲ್ಲ. 1, 5, 10, 25, 50ರ ನಾಣ್ಯಗಳಲ್ಲಿ 100 ಕೂಡಿಸಲು 292 ಬಗೆಗಳಿವೆ. ಅಷ್ಟನ್ನೂ ಯಾರು ಬರೆಯುತ್ತಾರೆ, ಅಲ್ವಾ?

ಪ್ರೋಗ್ರಾಂನಲ್ಲಿ 0ಯಿಂದ 10ರವರೆಗೆ ಒಂದು ಸಾಲು ಮನೆಗಳನ್ನು ಇಟ್ಟುಕೊಂಡೆ. 0ಯ ಮನೆಯಲ್ಲಿ 1, ಯಾಕೆಂದರೆ ಏನೂ ಕೊಡದೇ ಇರುವುದೂ ಒಂದು ಬಗೆ. 1ರ ನಾಣ್ಯ ಮಾತ್ರ ಇದ್ದರೆ ಎಲ್ಲ ಮನೆಯಲ್ಲೂ 1. ಈಗ 2ರ ನಾಣ್ಯ ಸೇರಿಸಿದೆ: ಪ್ರತಿ ಮನೆಗೂ ಎರಡು ಮನೆ ಹಿಂದಿನ ಸಂಖ್ಯೆಯನ್ನು ಕೂಡಿಸುತ್ತಾ ಹೋಗುವುದು. ಸಾಲು 1, 1, 2, 2, 3, 3, 4, 4, 5, 5, 6 ಆಯಿತು. ಆಮೇಲೆ 5ರ ನಾಣ್ಯ: ಐದು ಮನೆ ಹಿಂದಿನದ್ದನ್ನು ಕೂಡಿಸಿದರೆ 5ರ ಮನೆ 3 ಇದ್ದದ್ದು 4 ಆಗುತ್ತದೆ. ಕೊನೆಯ ಮನೆಯಲ್ಲಿ 6ಕ್ಕೆ ಆ 4 ಸೇರಿ 10. ಪೇಪರಿನ ಉತ್ತರವೇ ಬಂತು.

ಹೊರಗಿನ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು) ನಾಣ್ಯದ್ದು, ಒಳಗಿನದು ಮೊತ್ತದ್ದು: ಒಂದು ನಾಣ್ಯ ಹಿಡಿದು ಎಲ್ಲ ಮನೆ ಮುಗಿಸಿದ ಮೇಲೆಯೇ ಮುಂದಿನ ನಾಣ್ಯ. ಇದನ್ನು ಸುಮ್ನೆ ಅದಲುಬದಲು ಮಾಡಿ ನೋಡಿದೆ. ಉತ್ತರ 128! 5, 2, 2, 1 ಒಂದು ಬಗೆ, 2, 5, 1, 2 ಇನ್ನೊಂದು ಬಗೆ ಎಂದು ಎಣಿಸಿದಾಗ ಬರುವ ಸಂಖ್ಯೆ ಅದು. ಕೈಗೆ ಕೊಡುವ ಚಿಲ್ಲರೆಗೆ ಈ ವ್ಯತ್ಯಾಸ ಬೇಕಿಲ್ಲ. ಸರದಿ ತಪ್ಪದಿರುವುದಕ್ಕೆ ನಾನು ಇಷ್ಟು ಒತ್ತು ಕೊಡುವುದು ಇದಕ್ಕೇ.

ಅತಿ ಕಡಿಮೆ ನಾಣ್ಯ ಬೇಕು ಅನ್ನುವುದು ಬೇರೆ ಪ್ರಶ್ನೆ. ದೊಡ್ಡ ನಾಣ್ಯವನ್ನೇ ಮೊದಲು ಹಾಕುವ ರೂಢಿ ಎಲ್ಲ ಕಡೆ ನಡೆಯುವುದಿಲ್ಲ. 1, 3, 4ರ ನಾಣ್ಯಗಳಿದ್ದು 6 ಬೇಕೆಂದರೆ, 4 ಹಾಕಿದ ಮೇಲೆ 1, 1 ಸೇರಿ ಮೂರು ನಾಣ್ಯ. 3, 3 ಹಾಕಿದರೆ ಎರಡೇ ಸಾಕು. ಇದಕ್ಕೂ ಅದೇ ಸಾಲು ಬಳಸುತ್ತೇನೆ. 0ಯ ಮನೆಯಲ್ಲಿ 0, ಉಳಿದ ಮನೆಗಳಲ್ಲಿ ಒಂದು ಭಾರಿ ಸಂಖ್ಯೆ. ಕೂಡಿಸುವ ಬದಲು, ನಾಣ್ಯದ ಬೆಲೆಯಷ್ಟು ಹಿಂದಿರುವ ಮನೆಯ ಸಂಖ್ಯೆಗೆ 1 ಸೇರಿಸಿ, ಇದ್ದದ್ದಕ್ಕಿಂತ ಕಡಿಮೆಯಾದರೆ ಅದನ್ನೇ ಬರೆಯುವುದು. ಇಲ್ಲಿ ಮಾತ್ರ ಯಾವ ಲೂಪ್ ಹೊರಗಿದ್ದರೂ ಉತ್ತರ ಒಂದೇ: ಯಾವ ಸರದಿಯಲ್ಲಿ ಇಟ್ಟರೂ ನಾಣ್ಯಗಳ ಸಂಖ್ಯೆ ಬದಲಾಗುವುದಿಲ್ಲವಲ್ಲ.