ಒಂದು ಸಾಲಿನ ಕಮಾಂಡಿನಲ್ಲಿ ಡಿಎಲ್‌ಎಲ್ ಮಾಡುವುದು ಹೇಗೆ?

ಮಳೆಗಾಲ ಶುರುವಾಯಿತು ಅಂದರೆ ಮಂಡ್ಯದಲ್ಲಿ ಪೇಪರ್ ಬಿಚ್ಚಿದವರು ಮೊದಲು ನೋಡುವುದು ಕೆಆರ್‌ಎಸ್ ಮಟ್ಟವನ್ನು. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಈ ಅಂಕಿಗಳನ್ನು ದಿನಾ ಎಕ್ಸೆಲ್‌ನಲ್ಲಿ ಬರೆದಿಡುತ್ತಾನೆ. ಮನೆಯಲ್ಲಿ ನಾಟಿ ಯಾವಾಗ ಅನ್ನೋ ಮಾತು ಬಂದಾಗಲೆಲ್ಲ ಲ್ಯಾಪ್‌ಟಾಪ್ ತೆಗೆದು ತೋರಿಸುತ್ತಾನೆ. ಹೋದ ವಾರ ನಾನು ಮೈಸೂರಿನಲ್ಲಿ ಊಟಕ್ಕೆ ಕೂತಿದ್ದಾಗ ಅವನ ಫೋನ್ ಬಂತು.

"ಮಾವ, ಸಿ-ನಲ್ಲಿ ಬರ್ದಿರೋ ಫಂಕ್ಷನ್ನ ಎಕ್ಸೆಲ್ ಒಳಗಿಂದ ಕರೆಯಕ್ಕಾಯ್ತದಾ?"

ಆಯ್ತದೆ, ಅದಕ್ಕೊಂದು ಡಿಎಲ್‌ಎಲ್, ಅಂದರೆ ಬೇರೆ ಪ್ರೋಗ್ರಾಂ ಕರೆಯುವಂಥ ಫಂಕ್ಷನ್ನುಗಳ ಫೈಲು, ಮಾಡಬೇಕು ಅಂದೆ. ಅವನು ಅದಾಗಲೇ ದೊಡ್ಡದೊಂದು ಸಾಫ್ಟ್‌ವೇರ್ ಇಳಿಸಲು ಹೋಗಿ ಹಳೇ ಲ್ಯಾಪ್‌ಟಾಪಿನ ಡಿಸ್ಕ್ ತುಂಬಿಸಿಕೊಂಡಿದ್ದ. ಅದು ಬೇಕಿರಲಿಲ್ಲ. ಟರ್ಮಿನಲ್ ಅನ್ನುವ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಹೊಡೆದರೆ ಡಿಎಲ್‌ಎಲ್ ಆಗುತ್ತದೆ. ಕಷ್ಟ ಇರುವುದು ಮಾಡುವುದರಲ್ಲಲ್ಲ, ಮಾಡಿದ ಮೇಲೆ ಅದನ್ನು ಇನ್ನೊಂದು ಪ್ರೋಗ್ರಾಂ ಕೈಗೆ ಸಿಗುವ ಹಾಗೆ ಇಡುವುದರಲ್ಲಿ. ಹೆಸರು, ಬಿಟ್, ಜಾಗ, ಈ ಮೂರರಲ್ಲಿ ಒಂದು ತಪ್ಪಿದರೂ ದಿನವೆಲ್ಲ ತಲೆ ಕೆರೆದುಕೊಳ್ಳಬೇಕು. ಅದಕ್ಕೇ ಈ ಲೇಖನದಲ್ಲಿ ಕಮಾಂಡಿಗಿಂತ ಆಮೇಲಿನ ಮಾತೇ ಜಾಸ್ತಿ.

ಒಂದು ಸೂಚನೆ. ಕಮಾಂಡುಗಳನ್ನು ಅವನಿಗೆ ಫೋನಿನಲ್ಲಿ ಓದಿ ಹೇಳಿದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಹೊಡೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ಕಟ್ಟೆ ಅಂದರೆ ಕೆ-ಎ-ಟಿ-ಟಿ-ಇ, ನೀರು ಅಂದರೆ ಎನ್-ಇ-ಇ-ಆರ್-ಯು, ಎಲ್ಲ ಸಣ್ಣಕ್ಷರ.

ನಾಲೆಯೋ ಬೋರ್‌ವೆಲ್ಲೋ

ಡಿಎಲ್‌ಎಲ್ ಅಂದರೆ ಡೈನಾಮಿಕ್ ಲಿಂಕ್ ಲೈಬ್ರರಿ. ಫಂಕ್ಷನ್ನುಗಳು ಇರುವ ಫೈಲು, ಆದರೆ ತಾನೇ ಓಡುವುದಿಲ್ಲ, ಬೇರೆ ಪ್ರೋಗ್ರಾಂ ಕರೆದಾಗ ಮಾತ್ರ ಕೆಲಸ ಮಾಡುತ್ತದೆ. ಪ್ರತಿ ಪ್ರೋಗ್ರಾಮಿನೊಳಗೂ ಅದೇ ಕೋಡನ್ನು ತುಂಬಿಡುವುದು ಹೊಲಕ್ಕೊಂದು ಬೋರ್‌ವೆಲ್ ಕೊರೆಸಿದ ಹಾಗೆ. ಡಿಎಲ್‌ಎಲ್ ಅಂದರೆ ವಿಶ್ವೇಶ್ವರಯ್ಯ ನಾಲೆ ಇದ್ದ ಹಾಗೆ, ಒಂದೇ ನೀರು, ಹಲವು ಗದ್ದೆ. 1985ರಲ್ಲಿ ವಿಂಡೋಸ್‌ನ ಮೊದಲ ಆವೃತ್ತಿ ಬಂದಾಗ ಅದಕ್ಕೆ ಕನಿಷ್ಠ ಬೇಕಿದ್ದ ಮೆಮೊರಿ 256 ಕೆಬಿ. ಅಷ್ಟರಲ್ಲಿ ಹಂಚಿಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ. ಈಗ ಮೆಮೊರಿಗೆ ಬರವಿಲ್ಲ, ಆದರೂ ಸಿ-ನಲ್ಲಿ ಬರೆದದ್ದನ್ನು ಎಕ್ಸೆಲ್ಲೂ ಪೈಥಾನೂ ಎರಡೂ ಕರೆಯಬಹುದು ಅನ್ನುವ ಅನುಕೂಲ ಹಾಗೇ ಉಳಿದಿದೆ.

ಮೊದಲು ಕಂಪೈಲರ್

ಎಂಎಸ್‌ವೈಎಸ್2 ಅನ್ನುವ ಉಚಿತ ಸಾಧನವನ್ನು ಅದರದೇ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಆದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ಒಂದಲ್ಲ, ಹಲವು ಟರ್ಮಿನಲ್ ಹೆಸರು ಕಾಣುತ್ತವೆ. ನಮಗೆ ಬೇಕಾದದ್ದು ಯುಸಿಆರ್‌ಟಿ64. ಅದನ್ನು ತೆರೆದು ಪ್ಯಾಕ್‌ಮನ್ ಕಮಾಂಡಿನಿಂದ ಜಿಸಿಸಿ ಹಾಕಿಕೊಳ್ಳಬೇಕು. ನಾವು ಬರೆದ ಸಿ ಕೋಡನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಬದಲಿಸುವ ಕಂಪೈಲರ್ ಅದೇ. ಆ ಉದ್ದದ ಸಾಲು ಅವರ ಮುಖಪುಟದಲ್ಲೇ ಇದೆ, ನಕಲು ಮಾಡಿ ಅಂಟಿಸಿ. ಆಮೇಲೆ

ಜಿಸಿಸಿ --ವರ್ಷನ್

ಅಂತ ಹೊಡೆದಾಗ ನಂಬರ್ ಬಂದರೆ ಗೆದ್ದಿರಿ. ಬರಲಿಲ್ಲವಾ? ನೂರಕ್ಕೆ ತೊಂಬತ್ತು ಪಾಲು ಬೇರೆ ಟರ್ಮಿನಲ್ ತೆರೆದಿರುತ್ತೀರಿ. ನನ್ನ ಅಳಿಯನೂ ಅದನ್ನೇ ಮಾಡಿದ್ದ.

ಸಿ ಡ್ರೈವಿನಲ್ಲಿ ಕಟ್ಟೆ ಅನ್ನುವ ಫೋಲ್ಡರ್ ಮಾಡಿ. ಹೆಸರಿನ ಮಧ್ಯೆ ಜಾಗ ಬಿಡಬೇಡಿ. ಟರ್ಮಿನಲ್‌ನಲ್ಲಿ ಅಲ್ಲಿಗೆ ಹೋಗಲು "ಸಿಡಿ /ಸಿ/ಕಟ್ಟೆ". ಈ ಟರ್ಮಿನಲ್ಲಿಗೆ ಸಿ ಡ್ರೈವ್ ಅಂದರೆ ಓರೆಗೆರೆ ಸಿ, ಅಷ್ಟೇ.

ಮೂರು ಸಾಲಿನ ಸಿ

ಲೆಕ್ಕ ಸುಲಭ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಳಹರಿವಿನಲ್ಲಿ ಹೊರಹರಿವು ಕಳೆದು, ಗಂಟೆಯಿಂದ ಗುಣಿಸಿ, 3600ರಿಂದ ಗುಣಿಸಿ, ನೂರು ಕೋಟಿಯಿಂದ ಭಾಗಿಸಿದರೆ ಕಟ್ಟೆಗೆ ಎಷ್ಟು ಟಿಎಂಸಿ ಸೇರಿತು ಅಂತ ಸಿಗುತ್ತದೆ. ಆವಿಯಾಗಿ ಹೋಗುವುದು ಈ ಲೆಕ್ಕದಲ್ಲಿಲ್ಲ. ನಿಜ ಹೇಳಬೇಕೆಂದರೆ ಇದಕ್ಕೆ ಡಿಎಲ್‌ಎಲ್ ಬೇಕೇ ಇಲ್ಲ, ಎಕ್ಸೆಲ್ ಫಾರ್ಮುಲಾ ಸಾಕು. ಆದರೆ ಕಲಿಯುವುದಕ್ಕೆ ಇಂಥ ಸಣ್ಣ ಲೆಕ್ಕವೇ ವಾಸಿ, ಯಾಕೆಂದರೆ ಉತ್ತರ ಮೊದಲೇ ಗೊತ್ತಿದ್ದರೆ ತಪ್ಪು ಎಲ್ಲಿದೆ ಅಂತ ಬೇಗ ತಿಳಿಯುತ್ತದೆ. ನೋಟ್‌ಪ್ಯಾಡಿನಲ್ಲಿ ಇದನ್ನು ಬರೆದು ಕಟ್ಟೆ.ಸಿ ಅಂತ ಉಳಿಸಿ:

__ಡೆಕ್ಲ್‌ಸ್ಪೆಕ್(ಡಿಎಲ್‌ಎಲ್‌ಎಕ್ಸ್‌ಪೋರ್ಟ್)
ಡಬಲ್ ನೀರು(ಡಬಲ್ ಒಳಗೆ, ಡಬಲ್ ಹೊರಗೆ, ಡಬಲ್ ಗಂಟೆ)
{ ರಿಟರ್ನ್ (ಒಳಗೆ - ಹೊರಗೆ) * ಗಂಟೆ * 3600.0 / 1000000000.0; }

ಡಬಲ್ ಅಂದರೆ ದಶಮಾಂಶ ಇರಬಹುದಾದ ಸಂಖ್ಯೆ. ಮೊದಲ ಸಾಲಿನ ಆರಂಭದಲ್ಲಿ ಎರಡು ಅಂಡರ್‌ಸ್ಕೋರ್ ಇವೆ, ಒಂದಲ್ಲ. ಆ ಸಾಲಿನ ಕೆಲಸ ತೂಬು ಎತ್ತುವುದು. ನಾಲೆಯಲ್ಲಿ ನೀರಿದ್ದರೂ ತೂಬು ಎತ್ತದಿದ್ದರೆ ಗದ್ದೆಗೆ ಬರುತ್ತದಾ? ಫಂಕ್ಷನ್ ಡಿಎಲ್‌ಎಲ್ ಒಳಗೆ ಇದ್ದರೂ ಎಕ್ಸ್‌ಪೋರ್ಟ್ ಆಗದಿದ್ದರೆ ಹೊರಗಿನವರಿಗೆ ಅದು ಕಾಣುವುದಿಲ್ಲ. ಇಲ್ಲಿ ಜಿಸಿಸಿಯದೊಂದು ವಿಚಿತ್ರ ಗುಣ ಇದೆ. ಎಲ್ಲೂ ಈ ಗುರುತು ಹಾಕದೇ ಇದ್ದರೆ ಅದು ಎಲ್ಲ ಫಂಕ್ಷನ್ನುಗಳನ್ನೂ ಹೊರಗೆ ಬಿಡುತ್ತದೆ. ಒಂದಕ್ಕೆ ಹಾಕಿದಿರಿ ಅಂದುಕೊಳ್ಳಿ, ಆಗ ಗುರುತಿರುವುದನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲ ಬಂದ್. ಹಾಗಾಗಿ "ನಿನ್ನೆ ತನಕ ಸಿಗ್ತಿದ್ದ ಫಂಕ್ಷನ್ ಇವತ್ತು ಮಾಯ" ಅಂತ ಯಾರಾದರೂ ಹೇಳಿದರೆ ಹೊಸದಾಗಿ ಯಾವುದಕ್ಕೆ ಗುರುತು ಹಾಕಿದ್ದೀರಿ ಅಂತ ಕೇಳಿ. ಮೈಕ್ರೋಸಾಫ್ಟ್‌ನ ಕಂಪೈಲರ್ ಹಾಗಲ್ಲ, ಹೇಳದೆ ಯಾವುದನ್ನೂ ಹೊರಗೆ ಬಿಡುವುದಿಲ್ಲ.

ಈಗ ಆ ಒಂದು ಸಾಲು:

ಜಿಸಿಸಿ -ವಾಲ್ -ಶೇರ್ಡ್ -ಓ ಕಟ್ಟೆ.ಡಿಎಲ್‌ಎಲ್ ಕಟ್ಟೆ.ಸಿ

ವಾಲ್ ಅನ್ನುವುದರಲ್ಲಿ ಮೊದಲ ಡಬ್ಲ್ಯೂ ಮಾತ್ರ ದೊಡ್ಡಕ್ಷರ. ಅನುಮಾನ ಬಂದದ್ದನ್ನೆಲ್ಲ ಹೇಳು ಅಂತ ಕಂಪೈಲರಿಗೆ ಅಪ್ಪಣೆ ಅದು. ಶೇರ್ಡ್ ಅಂದರೆ ಓಡುವ ಪ್ರೋಗ್ರಾಂ ಬೇಡ, ಲೈಬ್ರರಿ ಮಾಡು ಅಂತ. ಓ ಮುಂದೆ ಇರುವುದು ಹೊರಬರುವ ಫೈಲಿನ ಹೆಸರು. ಎಂಟರ್ ಒತ್ತಿದರೆ ಏನೂ ಬರುವುದಿಲ್ಲ, ಸುಮ್ನೆ ಮುಂದಿನ ಸಾಲಿಗೆ ಹೋಗುತ್ತದೆ. ಏನೂ ಬರಲಿಲ್ಲ ಅಂದರೆ ಸರಿಯಾಗಿದೆ ಅಂತ ಅರ್ಥ. ಫೋಲ್ಡರ್ ನೋಡಿ, ಕಟ್ಟೆ.ಡಿಎಲ್‌ಎಲ್ ಕೂತಿರುತ್ತದೆ. ಲಿನಕ್ಸ್‌ನಲ್ಲೂ ಹೆಚ್ಚುಕಡಿಮೆ ಇದೇ ಸಾಲು, ಅಲ್ಲಿ ಫೈಲಿನ ಬಾಲ ಡಿಎಲ್‌ಎಲ್ ಬದಲು ಎಸ್‌ಓ, ಜೊತೆಗೆ -ಎಫ್‌ಪಿಐಸಿ ಸೇರಿಸಬೇಕು.

ಎಕ್ಸೆಲ್‌ಗೆ ಓಡುವ ಮುಂಚೆ

ಇಲ್ಲೇ ಎಲ್ಲರೂ ಅವಸರ ಮಾಡುವುದು. ಮೊದಲು ಇದನ್ನು ಹೊಡೆಯಿರಿ:

ಆಬ್ಜ್‌ಡಂಪ್ -ಪಿ ಕಟ್ಟೆ.ಡಿಎಲ್‌ಎಲ್

ಪುಟಗಟ್ಟಲೆ ಬರುತ್ತದೆ, ಹೆದರಬೇಡಿ. ಮೂರು ವಿಷಯ ಹುಡುಕಿದರೆ ಸಾಕು. ಮೇಲ್ಗಡೆಯೇ ಪಿಇಐ-ಎಕ್ಸ್86-64 ಅಂತ ಇದ್ದರೆ ಅದು 64 ಬಿಟ್, ಪಿಇಐ-ಐ386 ಅಂತ ಇದ್ದರೆ 32 ಬಿಟ್. ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ನೀರು ಅನ್ನುವ ಹೆಸರು ಅಕ್ಷರ ತಪ್ಪದೆ ಇರಬೇಕು. ಇಂಪೋರ್ಟ್ ಪಟ್ಟಿಯಲ್ಲಿ ನಮ್ಮ ಡಿಎಲ್‌ಎಲ್ ಬೇರೆ ಯಾವ ಡಿಎಲ್‌ಎಲ್‌ಗಳನ್ನು ಕೇಳುತ್ತದೆ ಅಂತ ಇರುತ್ತದೆ.

ಹೆಸರಿನ ವಿಷಯದಲ್ಲಿ ಸಿ++ ಕೈ ಕೊಡುತ್ತದೆ. ಅದೇ ಫೈಲನ್ನು ಸಿ++ ಆಗಿ ಕಂಪೈಲ್ ಮಾಡಿದರೆ ಪಟ್ಟಿಯಲ್ಲಿ ನೀರು ಇರುವುದೇ ಇಲ್ಲ, ಅದರ ಬದಲು _ಜೆಡ್5ನೀರುಡಿಡಿಡಿ ಅನ್ನುವ ಹೆಸರಿರುತ್ತದೆ. 5 ಅಂದರೆ ಇಂಗ್ಲಿಷಿನಲ್ಲಿ ಹೆಸರಿಗೆ ಐದು ಅಕ್ಷರ, ಮೂರು ಡಿ ಅಂದರೆ ಮೂರು ಡಬಲ್. ಒಂದೇ ಹೆಸರಿನ ಹಲವು ಫಂಕ್ಷನ್ ಇಟ್ಟುಕೊಳ್ಳಲು ಸಿ++ ಬಿಡುತ್ತದಲ್ಲ, ಅವನ್ನು ಬೇರೆ ಬೇರೆಯಾಗಿ ಗುರುತಿಸಲು ಈ ಬಾಲ. ಎಕ್ಸೆಲ್‌ಗೆ ಇದೆಲ್ಲ ತಿಳಿಯುವುದಿಲ್ಲ. ಫಂಕ್ಷನ್ನಿನ ಮುಂದೆ ಎಕ್ಸ್‌ಟರ್ನ್ "ಸಿ" ಅಂತ ಸೇರಿಸಿ, ಅಲ್ಲಿ ಸಿ ದೊಡ್ಡಕ್ಷರ, ಬಾಲ ಹೋಗುತ್ತದೆ.

ಬಿಟ್ ವಿಷಯದಲ್ಲಿ ನಾನೇ ಒಂದು ಮಧ್ಯಾಹ್ನ ಕಳೆದುಕೊಂಡಿದ್ದೇನೆ. ಪರಿಚಯದವರೊಬ್ಬರ ಕಚೇರಿಯಲ್ಲಿ ವಿಂಡೋಸ್ 64 ಬಿಟ್ ಅಂತ ನೋಡಿ ಅದಕ್ಕೆ ತಕ್ಕ ಡಿಎಲ್‌ಎಲ್ ಕೊಟ್ಟೆ, ಆದರೆ ಅಲ್ಲಿದ್ದ ಎಕ್ಸೆಲ್ 32 ಬಿಟ್ ಆಗಿತ್ತು. 32 ಬಿಟ್ ಪ್ರೋಗ್ರಾಂ 64 ಬಿಟ್ ಡಿಎಲ್‌ಎಲ್ಲನ್ನು ತನ್ನೊಳಗೆ ಬಿಟ್ಟುಕೊಳ್ಳುವುದೇ ಇಲ್ಲ, ತಿರುಗಾಮುರುಗಾ ಆದರೂ ಅಷ್ಟೇ. ನೋಡಬೇಕಾದದ್ದು ವಿಂಡೋಸನ್ನಲ್ಲ, ಕರೆಯುವ ಪ್ರೋಗ್ರಾಮನ್ನು. ಎಕ್ಸೆಲ್‌ನಲ್ಲಿ ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ಒತ್ತಿದರೆ ಮೊದಲ ಸಾಲಿನಲ್ಲೇ ಇರುತ್ತದೆ. 32 ಬಿಟ್ ಎಕ್ಸೆಲ್ ಆಗಿದ್ದರೆ 32 ಬಿಟ್ ಜಿಸಿಸಿ ಬೇಕು, ಫಂಕ್ಷನ್ನನ್ನು ಯಾವ ರೀತಿ ಕರೆಯಬೇಕು ಅಂತ ಹೇಳುವ ಎಸ್‌ಟಿಡಿಕಾಲ್ ಅನ್ನುವ ಗುರುತೂ ಬೇಕು, ಅದು ಬಂದ ಕೂಡಲೇ ಹೆಸರು ನೀರು@24 ಆಗುತ್ತದೆ. ಮೂರು ಡಬಲ್, ತಲಾ 8 ಬೈಟ್, ಒಟ್ಟು 24. ಈ ಬಾಲ ಕತ್ತರಿಸಲು ಕಮಾಂಡಿಗೆ -ಡಬ್ಲ್ಯೂಎಲ್,--ಕಿಲ್-ಆಟ್ ಸೇರಿಸಬೇಕು, ಇಲ್ಲೂ ಡಬ್ಲ್ಯೂ ದೊಡ್ಡಕ್ಷರ. 64 ಬಿಟ್‌ನಲ್ಲಿ ಈ ರಗಳೆ ಇಲ್ಲ.

ಎಕ್ಸೆಲ್‌ನಿಂದ ಕರೆಯುವುದು

ಎಕ್ಸೆಲ್ ತೆರೆದು ಆಲ್ಟ್ ಜೊತೆ ಎಫ್11 ಒತ್ತಿ, ಇನ್ಸರ್ಟ್‌ನಲ್ಲಿ ಮಾಡ್ಯೂಲ್ ಆರಿಸಿ, ಇದನ್ನು ಒಂದೇ ಸಾಲಿನಲ್ಲಿ ಬರೆಯಿರಿ:

ಪ್ರೈವೇಟ್ ಡಿಕ್ಲೇರ್ ಪಿಟಿಆರ್‌ಸೇಫ್ ಫಂಕ್ಷನ್ ನೀರು ಲಿಬ್ "ಸಿ:\ಕಟ್ಟೆ\ಕಟ್ಟೆ.ಡಿಎಲ್‌ಎಲ್" ಅಲಿಯಾಸ್ "ನೀರು" (ಬೈವ್ಯಾಲ್ ಒಳಗೆ ಆಸ್ ಡಬಲ್, ಬೈವ್ಯಾಲ್ ಹೊರಗೆ ಆಸ್ ಡಬಲ್, ಬೈವ್ಯಾಲ್ ಗಂಟೆ ಆಸ್ ಡಬಲ್) ಆಸ್ ಡಬಲ್

ಅದರ ಕೆಳಗೆ ಕಟ್ಟೆನೀರು ಅಂತ ಒಂದು ಮಾಮೂಲಿ ಫಂಕ್ಷನ್ ಬರೆದು, ಅದರೊಳಗಿಂದ ನೀರು ಫಂಕ್ಷನ್ನನ್ನು ಕರೆಯಿರಿ. ಸೆಲ್ಲಿನಲ್ಲಿ =ಕಟ್ಟೆನೀರು(30000,5000,24) ಹೊಡೆದರೆ 2.16 ಬರಬೇಕು. ಅಂದರೆ ಒಂದು ದಿನಕ್ಕೆ ಎರಡು ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ಪೂರ್ತಿ ತುಂಬಿದರೆ 49.452 ಟಿಎಂಸಿ ಹಿಡಿಯುವ ಕಟ್ಟೆಗೆ ಅದೇನೂ ಕಡಿಮೆ ನೀರಲ್ಲ. ಫೈಲನ್ನು ಮ್ಯಾಕ್ರೋ ಇರುವ ಬಗೆಯಲ್ಲೇ ಉಳಿಸಿ, ಇಲ್ಲದಿದ್ದರೆ ಬರೆದದ್ದೆಲ್ಲ ಹೋಗುತ್ತದೆ.

ಅಳಿಯನಿಗೆ 2.16 ಬರಲಿಲ್ಲ, ಏನೇನೋ ಕಸದ ಸಂಖ್ಯೆ ಬಂತು. "ಲೆಕ್ಕ ಸರಿಯಾಗೇ ಅದೆ ಮಾವ, ಕಟ್ಟೆನೇ ಒಡ್ದೋದಂಗೆ ಬತ್ತಾದೆ" ಅಂದ. ಬೈವ್ಯಾಲ್ ಬಿಟ್ಟಿದ್ದ. ಅದನ್ನು ಬರೆಯದಿದ್ದರೆ ಎಕ್ಸೆಲ್ ಸಂಖ್ಯೆಯನ್ನೇ ಕಳಿಸುವುದಿಲ್ಲ, ಸಂಖ್ಯೆ ಇರುವ ವಿಳಾಸವನ್ನು ಕಳಿಸುತ್ತದೆ. ಅಲಿಯಾಸ್ ಕೂಡ ಸುಮ್ನೆ ಹಾಕಿದ್ದಲ್ಲ. ಎಕ್ಸೆಲ್ ಒಳಗೆ ನಾವು ಕೋಡ್ ಬರೆಯುವ ಭಾಷೆಯಾದ ವಿಬಿಎಗೆ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ, ನೀವು ಬೇರೆಲ್ಲೋ ಅದೇ ಹೆಸರನ್ನು ಎನ್ ದೊಡ್ಡದಾಗಿ ಡಿಕ್ಲೇರ್ ಮಾಡಿದರೆ ಎಲ್ಲ ಕಡೆಯೂ ತಾನೇ ಬದಲಿಸಿಬಿಡುತ್ತದೆ. ಆದರೆ ಡಿಎಲ್‌ಎಲ್ ಒಳಗಿನ ಹೆಸರಿಗೆ ಆ ಭೇದ ಉಂಟು. ಆಗ 453ನೇ ನಂಬರಿನ ಎರರ್ ಬರುತ್ತದೆ. ಉದ್ಧರಣೆ ಚಿಹ್ನೆಯೊಳಗೆ ಇರುವುದನ್ನು ವಿಬಿಎ ಮುಟ್ಟುವುದಿಲ್ಲ, ಅದಕ್ಕೇ ಅಲಿಯಾಸ್.

ಪೈಥಾನಿನವರು ಸಿಟೈಪ್ಸ್ ಅನ್ನುವ ಮಾಡ್ಯೂಲ್ ಬಳಸಿ. ಅಲ್ಲಿ ರೆಸ್‌ಟೈಪ್ ಹೇಳದಿದ್ದರೆ ಫಂಕ್ಷನ್ ಕೊಡುವುದು ಪೂರ್ಣಾಂಕ ಅಂತಲೇ ಅದು ನಂಬುತ್ತದೆ, ಹಾಗಾಗಿ ಕೊಡುವುದೂ ಡಬಲ್, ಪಡೆಯುವುದೂ ಡಬಲ್ ಅಂತ ಎರಡನ್ನೂ ಹೇಳಿಬಿಡಿ. ಬಿಟ್ ತಾಳೆಯಾಗದಿದ್ದರೆ ಪೈಥಾನ್ 193 ಅನ್ನುವ ಎರರ್ ತೋರಿಸುತ್ತದೆ.

ಫೈಲ್ ಕಣ್ಮುಂದೆ ಇದ್ದರೂ ಸಿಗಲಿಲ್ಲ ಅಂದರೆ

ಡಿಎಲ್‌ಎಲ್ ಹುಡುಕಿ ತರುವ ವಿಂಡೋಸ್‌ನ ಭಾಗಕ್ಕೆ ಲೋಡರ್ ಅಂತ ಹೆಸರು. ನಮ್ಮ ಕಡೆಯ ನೀರುಗಂಟಿ ಅಂದುಕೊಳ್ಳಿ, ಅವನದೇ ಒಂದು ಸರದಿ ಇರುತ್ತದೆ. ಪೂರ್ತಿ ವಿಳಾಸ ಕೊಡದಿದ್ದರೆ ಸಾಮಾನ್ಯವಾಗಿ ಮೊದಲು ಪ್ರೋಗ್ರಾಂ ಇರುವ ಫೋಲ್ಡರ್, ಆಮೇಲೆ ಸಿಸ್ಟಮ್32, ವಿಂಡೋಸ್ ಫೋಲ್ಡರ್, ಈಗ ನಿಂತಿರುವ ಫೋಲ್ಡರ್, ಕೊನೆಗೆ ಪಾತ್ ಅನ್ನುವ ವಿಂಡೋಸ್‌ನ ಫೋಲ್ಡರ್ ಪಟ್ಟಿಯಲ್ಲಿರುವ ಜಾಗಗಳು. ಎಕ್ಸೆಲ್ ಕರೆಯುವಾಗ ಪ್ರೋಗ್ರಾಂ ಇರುವ ಫೋಲ್ಡರ್ ಅಂದರೆ ಎಕ್ಸೆಲ್ ಇರುವ ಜಾಗ, ನಿಮ್ಮ ಶೀಟ್ ಇರುವ ಜಾಗವಲ್ಲ. ಅದಕ್ಕೇ ಮೇಲೆ ಪೂರ್ತಿ ವಿಳಾಸ ಬರೆದದ್ದು. ಸಿಸ್ಟಮ್32ಗೆ ತುರುಕಿ ಅಂತ ಸಲಹೆ ಕೊಡುವವರ ಮಾತು ಕೇಳಬೇಡಿ. ಆ ಹೆಸರೇ ಮೋಸ, 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಒಳಗಿರುವುದು 64 ಬಿಟ್‌ನವು, 32 ಬಿಟ್‌ನವು ಇರುವುದು ಸಿಸ್‌ವೌ64 ಒಳಗೆ.

ಇನ್ನೊಂದು ಬಗೆಯ ತೊಂದರೆ ನಿಮ್ಮ ಮನೆಯಲ್ಲಿ ಬರುವುದೇ ಇಲ್ಲ, ಸ್ನೇಹಿತರ ಕಂಪ್ಯೂಟರಿಗೆ ಕೊಟ್ಟಾಗ ಬರುತ್ತದೆ. ಫೈಲ್ ಅಲ್ಲೇ ಇದೆ, ಬಿಟ್ ಸರಿ ಇದೆ, ಆದರೂ ಎಕ್ಸೆಲ್ 53 ಅನ್ನುತ್ತದೆ, ಪೈಥಾನ್ ಮಾಡ್ಯೂಲ್ ಸಿಗಲಿಲ್ಲ ಅನ್ನುತ್ತದೆ. ಸಿಗದೇ ಇರುವುದು ನಿಮ್ಮ ಡಿಎಲ್‌ಎಲ್ ಅಲ್ಲ, ಅದು ಕೇಳುವ ಇನ್ನೊಂದು ಡಿಎಲ್‌ಎಲ್. ಸಿ++ ಬಳಸಿದ್ದರೆ ಲಿಬ್‌ಎಸ್‌ಟಿಡಿಸಿ++-6 ಅನ್ನುವ ಡಿಎಲ್‌ಎಲ್ ಬೇಕಾಗುತ್ತದೆ, ಅದು ಸಾಮಾನ್ಯವಾಗಿ ಇರುವುದು ಎಂಎಸ್‌ವೈಎಸ್2 ಥರದ ಸಾಧನ ಹಾಕಿದ ಕಂಪ್ಯೂಟರಿನಲ್ಲಿ. ಕಮಾಂಡಿನಲ್ಲಿ -ಶೇರ್ಡ್ ಪಕ್ಕದಲ್ಲೇ -ಸ್ಟ್ಯಾಟಿಕ್ ಸೇರಿಸಿದರೆ ಅದೆಲ್ಲ ನಿಮ್ಮ ಡಿಎಲ್‌ಎಲ್ ಒಳಗೇ ಬಂದುಬಿಡುತ್ತದೆ. ಫೈಲ್ ದಪ್ಪ ಆಗುತ್ತದೆ, ಆಗಲಿ ಬಿಡಿ. ನಾಲೆಯ ಪಕ್ಕದಲ್ಲೇ ಒಂದು ಬೋರ್‌ವೆಲ್ ಕೊರೆಸಿದ ಹಾಗೆ ಇದು, ನಮ್ಮೂರಲ್ಲಿ ಯಾರು ಮಾಡಿಲ್ಲ ಹೇಳಿ.

ರಾತ್ರಿ ಹನ್ನೊಂದಕ್ಕೆ ಮತ್ತೆ ಫೋನ್. ಕೋಡಿನಲ್ಲಿ ಏನೋ ತಿದ್ದಿ ಅದೇ ಸಾಲು ಹೊಡೆದರೆ ಈ ಸಲ ಪರ್ಮಿಷನ್ ಡಿನೈಡ್ ಅಂತ ಬರುತ್ತಿದೆಯಂತೆ. ಅಡ್ಮಿನ್ ಆಗಿ ತೆರೆದು ನೋಡಿದ್ದಾನೆ, ಆಂಟಿವೈರಸ್ ಬಂದ್ ಮಾಡಿದ್ದಾನೆ, ಕಂಪ್ಯೂಟರನ್ನೇ ಆರಿಸಿ ಹಾಕೋಣ ಅಂತಿದ್ದಾನೆ.

"ಎಕ್ಸೆಲ್ ತೆರ್ದಿದೆಯೇನೋ?" ಅಂತ ಕೇಳಿದೆ.

"ಹೂಂ ಮಾವ, ಅದೇ ಶೀಟು."

"ಮುಚ್ಚಿ ಹೊಡಿ." ಡಿಎಲ್‌ಎಲ್ಲನ್ನು ಒಂದು ಪ್ರೋಗ್ರಾಂ ಹಿಡಿದುಕೊಂಡಿರುವ ತನಕ ವಿಂಡೋಸ್ ಆ ಫೈಲಿನ ಮೇಲೆ ಬರೆಯಲು ಬಿಡುವುದಿಲ್ಲ. ಎಕ್ಸೆಲ್ ಪೂರ್ತಿ ಮುಚ್ಚಿ, ಅದೇ ಸಾಲನ್ನು ಮೇಲಿನ ಬಾಣದ ಕೀಲಿಯಿಂದ ವಾಪಸ್ ತಂದು ಎಂಟರ್ ಒತ್ತಿದ. ಏನೂ ಬರಲಿಲ್ಲ ಅಂದ.