ಕುಡಿತ ಬಿಟ್ಟು ಬಂದ ಮಗ ತನ್ನ ಕಾಲ ಮೇಲೆ ನಿಲ್ಲಬೇಕಾದರೆ ಮನೆಯವರು ಏನು ಮಾಡಬೇಕು

ನನ್ನ ಮಗನಿಗೆ ಈಗ 28 ವರ್ಷ. ಎರಡು ವರ್ಷದ ಹಿಂದೆ ಕುಡಿತ ಬಿಡಿಸುವ ಚಿಕಿತ್ಸೆ ಮುಗಿಸಿಕೊಂಡು ಬೆಂಗಳೂರಿನ ಹನುಮಂತನಗರದ ನಮ್ಮ ಮನೆಗೆ ಬಂದ. ಡಿಸ್ಚಾರ್ಜ್ ದಿನ ಡಾಕ್ಟರು ಮಾತ್ರೆ ಚೀಟಿ ಕೊಟ್ಟರು, ಮತ್ತೆ ಯಾವತ್ತು ಬರಬೇಕು ಅಂತ ಬರೆದುಕೊಟ್ಟರು. ಮನೆಯಲ್ಲಿ ನಾನು ಹೇಗಿರಬೇಕು ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ತಪ್ಪು ಮಾಡಿ ಮಾಡಿ ಕಲಿತೆ. ನಿಮ್ಮ ಮಗನೋ ಮಗಳೋ ಹೀಗೆ ಮನೆಗೆ ಬರುವವರಿದ್ದರೆ, ಇದು ನಿಮಗೆ.

ಮೊದಲು ಮೂಸುವುದನ್ನು ಬಿಡಿ.

ಅವನು ಸಂಜೆ ಕೆಲಸದಿಂದ ಬಂದ ಕೂಡಲೇ "ಡಬ್ಬಿ ಕೊಡೋ" ಅಂತ ಹತ್ತಿರ ಹೋಗುತ್ತಿದ್ದೆ. ಡಬ್ಬಿ ಸುಮ್ನೆ ನೆಪ. ಉಸಿರಲ್ಲಿ ವಾಸನೆ ಇದೆಯಾ ಅಂತ ನೋಡುತ್ತಿದ್ದೆ. ಒಗೆಯಲು ಹಾಕಿದ ಶರ್ಟನ್ನೂ ಬಿಡುತ್ತಿರಲಿಲ್ಲ. ಅವನಿಗೆ ಗೊತ್ತಾಗುತ್ತಿಲ್ಲ ಅಂದುಕೊಂಡಿದ್ದೆ. ಒಂದು ದಿನ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು, ಡಾಕ್ಟರ ಮುಂದೆ ಮಕ್ಕಳು ಬಾಯಿ ತೆರೆಯುತ್ತಾರಲ್ಲ, ಹಾಗೆ ಬಾಯಿ ತೆರೆದು "ಹಾ" ಎಂದು ನನ್ನ ಮುಖದ ಹತ್ತಿರ ಉಸಿರು ಬಿಟ್ಟ. "ಆಯ್ತಾ ಅಮ್ಮ? ಒಳಗೆ ಬರಲಾ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮಾರನೇ ದಿನ ಇಬ್ಬರೂ ಕೂತು ಮಾತಾಡಿಕೊಂಡೆವು. ನಾನು ಮೂಸುವುದಿಲ್ಲ, ಬ್ಯಾಗ್ ತಡಕುವುದಿಲ್ಲ. ಕುಡಿಯಬೇಕು ಅನ್ನಿಸಿದರೆ ಅವನೇ ಬಾಯಿಬಿಟ್ಟು ಹೇಳಬೇಕು. ಹೇಳಿದಾಗ ನಾನು ಅಳಬಾರದು, ಹಳೆಯದನ್ನು ಎತ್ತಿ ಆಡಬಾರದು. ಈ ಕೊನೆಯದೇ ಕಷ್ಟ. ಹಾಗೆ ಹೇಳಿದ ಸಂಜೆಗಳಲ್ಲಿ ಮೊದಲು ಊಟಕ್ಕೆ ಬಡಿಸಿ. ಹಸಿವು, ಸಿಟ್ಟು, ಒಂಟಿತನ, ಆಯಾಸ, ಈ ನಾಲ್ಕು ಇದ್ದಾಗ ಆಸೆ ಜಾಸ್ತಿ ಕೆರಳುತ್ತದೆ. ಹೊಟ್ಟೆ ತುಂಬಿದ ಮೇಲೆ ಇಬ್ಬರೂ ಒಂದು ಸುತ್ತು ನಡೆದು ಬನ್ನಿ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಆ ಸೆಳೆತ ಇಳಿಯುತ್ತದೆ.

ಮಾತ್ರೆ ಅವರ ಕೈಯಲ್ಲೇ ಇರಲಿ. ಏಳು ದಿನಕ್ಕೆ ಏಳು ಖಾನೆ ಇರುವ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಭಾನುವಾರ ಅವನೇ ತುಂಬಿಕೊಳ್ಳುತ್ತಿದ್ದ. ನಮ್ಮ ನೆಂಟರೊಬ್ಬರು, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಗೊತ್ತಾಗದ ಹಾಗೆ ಸಾರಿಗೆ ಹಾಕಿಬಿಡಿ ಎಂದರು. ಖಂಡಿತ ಹಾಗೆ ಮಾಡಬೇಡಿ. ಆ ಮಾತ್ರೆ ತಗೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಬಿದ್ದು ಜೀವಕ್ಕೇ ಅಪಾಯ ಆಗಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರಬಹುದು. ತಗೊಳ್ಳುವವರಿಗೆ ಗೊತ್ತಿರಬೇಕು, ಒಪ್ಪಿಗೆ ಇರಬೇಕು, ಡಾಕ್ಟರು ಬರೆದಿರಬೇಕು.

ದುಡ್ಡಿನ ವಿಷಯಕ್ಕೆ ಬರೋಣ. ಮೊದಲು ಅವನ ಸಂಬಳ ಪೂರ್ತಿ ನನ್ನ ಖಾತೆಗೆ ಹಾಕಿಸಿಕೊಳ್ಳುತ್ತಿದ್ದೆ. 26 ವರ್ಷದ ಹುಡುಗ ಕಟಿಂಗ್‌ಗೆ ನೂರು ರೂಪಾಯಿ ಕೇಳುತ್ತಾ ಅಡುಗೆಮನೆ ಬಾಗಿಲಲ್ಲಿ ನಿಲ್ಲುವುದನ್ನು ನೋಡಿದ ಮೇಲೆ ಅದು ಸರಿಯಲ್ಲ ಅನ್ನಿಸಿತು. ಹಾಗಂತ ಒಂದೇ ಸಲ ಎಲ್ಲ ಬಿಡುವುದೂ ಕಷ್ಟ ಅಲ್ವಾ? ಮೊದಲ ಎರಡು ತಿಂಗಳು ವಾರಕ್ಕಿಷ್ಟು ಅಂತ ಕೊಟ್ಟೆ. ಆಮೇಲೆ ಹದಿನೈದು ದಿನಕ್ಕೊಮ್ಮೆ. ಐದನೇ ತಿಂಗಳಿಂದ ಸಂಬಳ ಅವನ ಖಾತೆಗೇ. ಸಂಬಳದ ದಿನವೇ ಜಾಸ್ತಿ ಅಪಾಯದ ದಿನ. ಅದಕ್ಕೆ ಅವನೇ ದಾರಿ ಕಂಡುಕೊಂಡ. ಮೆಟ್ರೋದಲ್ಲಿ ಬರುತ್ತಲೇ ಫೋನಿನಲ್ಲಿ ಕೊಡಬೇಕಾದವರಿಗೆಲ್ಲ ಕಳಿಸಿ, ಸೀದಾ ಮನೆಗೆ ಊಟಕ್ಕೆ ಬರುತ್ತಿದ್ದ.

ಸ್ನೇಹಿತರ ಹತ್ತಿರ 42,000 ರೂಪಾಯಿ ಕೈಸಾಲ ಮಾಡಿದ್ದ. ನಾನು ಬಳೆ ಅಡವಿಡಲು ಹೊರಟಿದ್ದೆ. ಕೌನ್ಸೆಲರ್ ಮೇಡಂ ತಡೆದರು. ತಿಂಗಳಿಗೆ 3,500ರಂತೆ ಒಂದು ವರ್ಷದಲ್ಲಿ ಅವನೇ ತೀರಿಸಿದ. ಒಬ್ಬೊಬ್ಬರದು ತೀರಿದಾಗಲೂ ನೋಟ್‌ಬುಕ್ಕಿನಲ್ಲಿ ಹೆಸರು ಹೊಡೆದು ನನಗೆ ತೋರಿಸುತ್ತಿದ್ದ. ಬಳೆ ಅಡವಿಟ್ಟು ತೀರಿಸಿದ್ದರೆ ಅದನ್ನು ನಾನು ನೋಡುತ್ತಿರಲಿಲ್ಲ.

ಕೆಲಸ ಹುಡುಕುವಾಗ ನೈಟ್ ಶಿಫ್ಟ್ ಬೇಡ ಅಂತ ಮೊದಲೇ ಮಾತಾಡಿಕೊಳ್ಳಿ. ನಿದ್ದೆ ಕೆಟ್ಟರೆ ಎಲ್ಲವೂ ಕೆಡುತ್ತದೆ.

ಎಂಟನೇ ತಿಂಗಳಲ್ಲಿ ವಿಜಯನಗರದಲ್ಲಿ ಪಿಜಿಗೆ ಹೋಗುತ್ತೇನೆ ಎಂದ. ನನಗೆ ಭಯ. ನಮ್ಮ ಯಜಮಾನರು "ಹೋಗಲಿ ಬಿಡೇ" ಎಂದರು. ಹೋಗುವ ಮೊದಲು ಮೂವರೂ ಕೂತು ಒಂದು ಹಾಳೆ ಬರೆದೆವು. ಮತ್ತೆ ಕುಡಿದರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಯಾವ ಡಾಕ್ಟರ ಹತ್ತಿರ ಹೋಗಬೇಕು, ಆ ರಾತ್ರಿ ಎಲ್ಲಿ ಮಲಗಬೇಕು ಅಂತ. ಇದನ್ನು ಎಲ್ಲ ಚೆನ್ನಾಗಿರುವಾಗಲೇ ಬರೆಯಬೇಕು. ಹತ್ತನೇ ತಿಂಗಳಲ್ಲಿ ಸ್ನೇಹಿತನ ಮದುವೆಯ ಹಿಂದಿನ ರಾತ್ರಿ ಕುಡಿದ. ಮಾರನೇ ಬೆಳಿಗ್ಗೆ ಅವನೇ ಫೋನ್ ಮಾಡಿದ. ನಾನು ಬೈಯಲಿಲ್ಲ. ಹಾಳೆ ತೆಗೆದು ಓದಿದೆ, ಅದರಲ್ಲಿದ್ದ ಹಾಗೇ ಮಾಡಿದೆವು. ಪಿಜಿ ಬಿಡಿಸಲಿಲ್ಲ.

ಕೆಲವರು ಇಂಥ ಹೊತ್ತಲ್ಲಿ ರೂಮಿಗೆ ಹಾಕಿ ಬೀಗ ಹಾಕುತ್ತಾರೆ. ಬೇಡ. ದಿನಗಟ್ಟಲೆ ಕುಡಿದವರು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಏನೇನೋ ಬಡಬಡಿಸಬಹುದು. ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಹೆರಾಯಿನ್ ಥರದ್ದು ಬಿಟ್ಟವರಾದರೆ ಇನ್ನೂ ಹುಷಾರು. ದೇಹಕ್ಕೆ ತಡೆದುಕೊಳ್ಳುವ ಶಕ್ತಿ ಕಡಿಮೆಯಾಗಿರುತ್ತದೆ, ಹಳೇ ಅಳತೆಯಲ್ಲೇ ತಗೊಂಡರೆ ಪ್ರಾಣ ಹೋಗಬಹುದು.

ನಿಮಗೂ ಮಾತಾಡಲು ಯಾರಾದರೂ ಬೇಕು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಗುಂಪುಗಳಿವೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಚಟಗಳ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಮನಸ್ಸಿನ ಕಷ್ಟಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್, ಅದರ ಸಂಖ್ಯೆ 14416. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನು ಪಿಜಿಗೆ ಹೋದ ವಾರ ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಕೂತು ಆ ನಂಬರಿಗೆ ಫೋನ್ ಮಾಡಿದ್ದು ನಾನು, ಮಗ ಅಲ್ಲ.