ಹೊನ್ನಾವರದ ಸುಲ್ತಾನನ ಊಟ, ನಮ್ಮನೆ ಅಡುಗೆಮನೆಯಲ್ಲಿ

ಹಳೆಯ ಕಾಲದ ಊಟ ಮಾಡಿ ನೋಡಬೇಕು ಅನ್ನುವವರು ಮೊದಲು ಹುಡುಕುವುದು ಮಸಾಲೆಯ ಅಳತೆ. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಅದನ್ನು ಕೊಟ್ಟಿಲ್ಲ. 1340ರ ದಶಕದಲ್ಲಿ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡ ಅವನು ಬರೆದಿಟ್ಟದ್ದು ಬಡಿಸುವ ಕ್ರಮ. ನಾನು ಆ ಕ್ರಮವನ್ನೇ ಹಿಡಿದುಕೊಂಡು ಅಡುಗೆಗೆ ಇಳಿದೆ.

ತಯಾರಿ ಶುರುವಾಗಬೇಕಾದದ್ದು ಉಪ್ಪಿನಕಾಯಿಯಿಂದ. ಗೊಂಚಲು ಗೊಂಚಲಾಗಿಯೇ ಹಾಕಿದ ಕಾಳುಮೆಣಸು, ಹಸಿಶುಂಠಿ, ಲಿಂಬೆ, ಮಾವು ಇದ್ದವು ಅನ್ನುತ್ತಾನೆ. ಮಾವಿಗೆ ಖಾರ ಬೆರೆಸದೆ ಉಪ್ಪಿನಲ್ಲಿಟ್ಟಿದ್ದ ಮಿಡಿಯನ್ನೇ ತೆಗೆದುಕೊಂಡೆ. ಕಾಳುಮೆಣಸನ್ನು ಮಾತ್ರ ನವೆಂಬರಿನಲ್ಲೇ, ಕಾಳು ತೀರಾ ಬಲಿಯುವ ಮೊದಲು ಕೊಯ್ದು, ತೊಳೆದು, ನೆರಳಲ್ಲಿ ನೀರಾರಿಸಿ, ಉಪ್ಪು ಹಾಕಿದ ಲಿಂಬೆರಸದಲ್ಲಿ ಮುಳುಗಿಸಿಟ್ಟೆ. ಹಸಿರು ಮಂಕಾಗಿ, ಹಲ್ಲಿಗೆ ಸಿಕ್ಕ ಕಾಳು ಮೆತ್ತಗೆ ಒಡೆದರೆ ಹದ ಬಂತು ಅಂತಲೇ ಲೆಕ್ಕ.

ಹಸಿಮೆಣಸಿನಕಾಯಿ, ಟೊಮೆಟೊ, ಬಟಾಟೆ ಯಾವುದೂ ಬೇಡ. ಅವೆಲ್ಲ ಪೋರ್ಚುಗೀಸರ ಕಾಲದಿಂದೀಚೆಗೆ ಬಂದವು. ಕೋಳಿ, ಮೀನಿನ ಮಸಾಲೆ ನನ್ನ ಆಯ್ಕೆ: ಕಾಳುಮೆಣಸು, ಕೊತ್ತಂಬರಿ, ಅರಿಶಿನ, ತೆಂಗಿನಕಾಯಿ. ಬಂಗಡೆಗೆ ಹುಳಿಯಾಗಿ ಮುರುಗಲು.

ಬಡಿಸಿದ್ದು ತಾಮ್ರದ ಹರಿವಾಣದಲ್ಲಿ. ಹುಳಿ ತಾಗುವುದರಿಂದ ಕಲಾಯಿ ಹಾಕಿಸಿದ್ದೇ ಆಗಬೇಕು. ಮೊದಲು ಒಂದು ಸೌಟು ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಉಪ್ಪಿನಕಾಯಿಗಳು. ಒಂದು ತುತ್ತು ಅನ್ನ, ಹಿಂದೆಯೇ ಎರಡು ಕಾಳು ಮೆಣಸು. ತುಪ್ಪದ ಜಿಡ್ಡನ್ನು ಆ ಖಾರ ಕತ್ತರಿಸುತ್ತದೆ. ನನಗಂತೂ ಇಡೀ ಊಟದಲ್ಲಿ ಜಾಸ್ತಿ ಹಿಡಿಸಿದ್ದು ಇದೇ. ಅದು ಮುಗಿದ ಮೇಲೆ ಮತ್ತೊಂದು ಸೌಟು ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ, ಹಾಲಿನ ಅಡುಗೆ. ಎಲ್ಲವನ್ನೂ ಒಟ್ಟಿಗೆ ಹರಡಿಟ್ಟರೆ ಈ ರುಚಿ ಸಿಗುವುದಿಲ್ಲ. ಕೊನೆಗೆ ಮೊಸರು. ಮೊಸರು ಬಂತು ಅಂದರೆ ಇನ್ನೇನೂ ಬರುವುದಿಲ್ಲ ಅಂತ ಅವನೂ ಬರೆದಿದ್ದಾನೆ. ಇವತ್ತಿಗೂ ಹಾಗೇ ಅಲ್ವಾ?

ಅಲ್ಲಿನ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದೆಯುತ್ತಾರೆ ಎಂದೂ ಹೇಳುತ್ತಾನೆ. ನಾನೂ ಹತ್ತಿ ಸೀರೆಯನ್ನು ಹಾಗೇ ಉಟ್ಟು ಬಡಿಸಿದೆ. ಬಗ್ಗಿದಾಗ ಸೆರಗು ಜಾರುತ್ತದೆ. ತುದಿಯನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದರೆ ಸೌಟು ಹಿಡಿದ ಕೈ ಸಲೀಸಾಗಿ ಆಡುತ್ತದೆ.

ಕುಡಿಯಲು ಬಿಸಿನೀರು ಇಟ್ಟೆ. ಮಳೆಗಾಲದಲ್ಲಿ ತಣ್ಣೀರು ಒಗ್ಗುವುದಿಲ್ಲ ಅಂತ ಅಲ್ಲಿ ಅದನ್ನೇ ಕುಡಿಯುತ್ತಿದ್ದರಂತೆ. ರೊಟ್ಟಿ ಮಾಡಲಿಲ್ಲ. ಇಬ್ನ್ ಬತೂತ ಆ ಸುಲ್ತಾನನ ಬಳಿ 11 ತಿಂಗಳು ರೊಟ್ಟಿಯ ಮುಖ ನೋಡದೆ ಅನ್ನವನ್ನೇ ಉಂಡವನು.